ಕಾಯಿ ಸುಲಿದ ಕೈ

ಬೆಳಿಗ್ಗೆ ಆರೂವರೆಗೆ ಅನಂತರಾಜುವಿನ ಬಲಗೈ ಹೆಬ್ಬೆರಳು ಪೇಸ್ಟಿನ ಮುಚ್ಚಳ ತಿರುಗಿಸಲು ಒಪ್ಪಲಿಲ್ಲ. ಬಲವಂತ ಮಾಡಿದರು. ಮಣಿಕಟ್ಟಿನವರೆಗೆ ಚಳುಕು ಹೊಡೆಯಿತು. "ಅಯ್ಯಪ್ಪಾ!" ಅಂದದ್ದು ಉಪ್ಪಾರಹಳ್ಳಿಯ ಅವರ ಬೀದಿಗೆಲ್ಲ ಕೇಳಿಸಿತು.

ಕಾರಣ ಅವರಿಗೆ ಗೊತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಮಗಳು ಮಾನಸಾಳ ಕೂಸಿಗೆ ಭಾನುವಾರ ಕುಣಿಗಲ್‌ನಲ್ಲಿ ನಾಮಕರಣ. ಮಾನಸಾ ಹುಟ್ಟಿದಾಗ ಇವರಿಗೆ ಎಲ್ಲೋ ದೂರಕ್ಕೆ ವರ್ಗವಾಗಿ, ಮಗುವನ್ನು ಎತ್ತಿಕೊಂಡದ್ದೇ ಆರು ತಿಂಗಳಾದ ಮೇಲೆ. ಆ ಸಂಕಟ ಇನ್ನೂ ಹೋಗಿಲ್ಲ. ಮೊಮ್ಮಗಳಿಗಾದರೂ ಕೈಯಾರೆ ಏನಾದರೂ ಮಾಡಬೇಕೆಂದು ಯೂಟ್ಯೂಬ್ ನೋಡಿ ಸ್ವೆಟರ್ ಹೆಣೆಯಲು ಕಲಿತರು. ಗುಬ್ಬಿಯ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು, ಒಂದು ತಿಂಗಳು ಹೆಣೆದರು. ಇನ್ನು ಉಳಿದದ್ದು ಒಂದೇ ತೋಳು. ಇವತ್ತು ಗುರುವಾರ. ಐವತ್ತೆಂಟರ ಗುಮಾಸ್ತ ಉಲ್ಲನ್ ದಾರ, ಕಡ್ಡಿ ಹಿಡಿದು ಕೂತಿದ್ದು ಗೊತ್ತಾದರೆ, ನಿವೃತ್ತಿಯಾಗುವವರೆಗೂ ಎಲ್ಲರೂ ಆಡಿಕೊಂಡು ನಗುತ್ತಾರೆ ಎಂಬ ಭಯ ಬೇರೆ.

ಕಚೇರಿಯಲ್ಲಿ ಪೆನ್ನು ಎರಡು ಸಲ ಕೈ ಜಾರಿತು. ಅಟೆಂಡರ್ ತಿಪ್ಪಯ್ಯ ನೋಡಿಬಿಟ್ಟ.

"ಏನ್ ಸಾರ್ ಆಯ್ತು ಕೈಗೆ?"

"ಏನಿಲ್ಲ ಕಣೋ. ಊರಿಂದ ಕಾಯಿ ಬಂದಿತ್ತು, ಸುಲಿಯೋಕೆ ಹೋದೆ."

ತಿಪ್ಪಯ್ಯ ಹೆಬ್ಬೂರಿನ ತೆಂಗಿನ ತೋಟದವನು. "ಕಾಯಿ ಸುಲಿದ್ರೆ ಭುಜ ನೋಯ್ತದೆ ಸಾರ್. ಹೆಬ್ಬೆಟ್ಟು ಯಾಕ್ ನೋಯ್ತದೆ?"

"ನನಗೆ ಸುಲಿಯೋಕೆ ಬರಲ್ಲ, ಅದಕ್ಕೇ ನೋಯ್ತಿದೆ. ಹೋಗಯ್ಯ!"

ಮಾತು ಸೂಪರಿಂಟೆಂಡೆಂಟ್ ಶಕುಂತಲಮ್ಮನ ಕಿವಿಗೆ ಬಿತ್ತು. ಅವರು ಬ್ಯಾಗಿನಿಂದ ನೋವಿನ ಮುಲಾಮು ತೆಗೆದು, ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದರು. "ಉಳುಕು ಕಣ್ರೀ ಇದು" ಎಂದು ಹೆಬ್ಬೆರಳು ಹಿಡಿದು ಲಟಕ್ಕನೆ ಎಳೆದರು. ಅನಂತರಾಜುವಿನ ಕಣ್ಣಲ್ಲಿ ನೀರು ಬಂತು. ಗಾಬರಿಯಾದ ಶಕುಂತಲಮ್ಮ, ಗುಬ್ಬಿಯಲ್ಲೇ ಕ್ಲಿನಿಕ್ ಇಟ್ಟಿದ್ದ ತಮ್ಮ ಅಣ್ಣನ ಮಗಳು ಡಾಕ್ಟರ್ ಅನುಪಮಾಗೆ ಫೋನ್ ಮಾಡಿದರು.

"ಅನೂ, ನಮ್ಮ ಅನಂತರಾಜು ಇನ್ನೂರು ಕಾಯಿ ಸುಲಿದು ಕೈ ಮುರ್ಕೊಂಡಿದಾರೆ. ಕಳಿಸ್ತಿದೀನಿ, ನೋಡೇ."

ಇನ್ನೂರಲ್ಲ ಅನ್ನಲು ಹೋದ ಅನಂತರಾಜು, ಮತ್ತೆಷ್ಟು ಅಂತ ಕೇಳಿಯಾರೆಂದು ಸುಮ್ಮನಾದರು.

"ಒಬ್ರೇ ಬ್ಯಾಡ ಸಾರ್, ನಾನೂ ಬತ್ತೀನಿ" ಎಂದು ತಿಪ್ಪಯ್ಯ ಗಂಟುಬಿದ್ದ. ಕ್ಲಿನಿಕ್ಕಿನಲ್ಲಿ ಹೊರಗೆ ಕೂತಿರೋ ಅಂದರೂ ಕೇಳದೆ ಒಳಗೆ ಬಂದು ಡಾಕ್ಟರ ಮೇಜಿಗೇ ಒರಗಿ ನಿಂತ.

ಅನುಪಮಾ ಅವರ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಮೆಲ್ಲಗೆ ಬಗ್ಗಿಸಿದಳು. ಅನಂತರಾಜು ಕುರ್ಚಿಯಿಂದ ಎದ್ದೇ ಬಿಟ್ಟರು.

"ಇದು ಹೆಣಿಗೆ ಹಾಕೋರಿಗೆ ಬರೋ ನೋವು ಸರ್. ನೀವೇನಾದ್ರೂ ಸ್ವೆಟರ್ ಹೆಣೀತೀರಾ?"

ತಿಪ್ಪಯ್ಯ ಕಣ್ಣರಳಿಸಿ ಇವರನ್ನೇ ನೋಡಿದ.

"ಛೆ ಛೆ! ನಾನಾ? ಕಾಯಿ ಮೇಡಂ, ಕಾಯಿ."

"ಹೆಣಿಗೆಯಾಗಿದ್ರೆ ಸುಲಭ ಇತ್ತು. ಕಡ್ಡೀನ ಬಿಗಿಯಾಗಿ ಹಿಡೀಬೇಡಿ, ಮಣಿಕಟ್ಟು ನೇರ ಇರ್ಲಿ, ಇಪ್ಪತ್ತು ನಿಮಿಷಕ್ಕೊಂದ್ಸಲ ನಿಲ್ಸಿ, ಬಿಸಿನೀರಲ್ಲಿ ಕೈ ಇಟ್ಕೊಳ್ಳಿ, ನಿಧಾನವಾಗಿ ಮುಂದುವರಿಸಿ ಅಂತಿದ್ದೆ. ಆದ್ರೆ ಇನ್ನೂರು ಕಾಯಿ ಅಂದ್ರೆ ಒಳಗೆ ಏನಾಗಿದ್ಯೋ!"

ನಿಜ ಹೇಳಲು ಅನಂತರಾಜುವಿನ ತುಟಿ ಎರಡು ಸಲ ಬಿಚ್ಚಿತು. ಎರಡು ಸಲವೂ ಎದುರಿಗೆ ತಿಪ್ಪಯ್ಯನ ಮುಖ. ಅಷ್ಟರಲ್ಲಿ ಹೆಬ್ಬೆರಳಿನಿಂದ ಮೊಣಕೈವರೆಗೆ ಬಿಳಿ ಪ್ಲಾಸ್ಟರಿನ ಪಟ್ಟಿ ಬಿತ್ತು. ಮೂರು ವಾರ ಬಿಚ್ಚುವ ಹಾಗಿಲ್ಲ.

ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಮುಗೀತು ಕಣೋ ತಿಪ್ಪಯ್ಯ. ಮೊಮ್ಮಗಳ ಸ್ವೆಟರ್‌ಗೆ ಒಂದೇ ಒಂದು ತೋಳು ಉಳಿದಿತ್ತು. ನಗ್ತೀಯಾ? ನಗು."

ತಿಪ್ಪಯ್ಯ ನಗಲಿಲ್ಲ. ಪಕ್ಕದಲ್ಲಿ ಕೂತು ತನ್ನ ಬಲಗೈ ಹೆಬ್ಬೆರಳು ಮುಂದೆ ಚಾಚಿದ. ಅದೂ ಊದಿತ್ತು.

"ರೆಕಾರ್ಡ್ ರೂಮಿನ ಕಿಟಕೀಲಿ ನಿಮ್ಮನ್ನ ನೋಡ್ಕಂಡೇ ನಾನೂ ಕಲ್ತೆ ಸಾರ್, ನನ್ ಮೊಮ್ಮಗಂಗೆ. ನೀವು ಹೆಂಗ್ ಹಿಡೀತಿದ್ರೋ ಹಂಗೇ ಹಿಡ್ದೆ. ನಂಗೂ ಅದೇ ಜಾಗಕ್ಕೇ ಬಂತು. ಮದ್ದೇನು ಅಂತ ಕೇಳಿಸ್ಕಳಾಕೇ ನಿಮ್ ಹಿಂದೆ ಬಂದಿದ್ದು."

ಅನಂತರಾಜುವಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಆ ತೋಳು ನೀನೇ ಮುಗಿಸಿಕೊಡೋ, ಪುಣ್ಯಾತ್ಮ!"

ತಿಪ್ಪಯ್ಯ ಹೆಬ್ಬೆರಳನ್ನು ಜೋಪಾನವಾಗಿ ಅಂಗೈಯೊಳಗೆ ಸೇರಿಸಿಕೊಂಡ.

"ಇಪ್ಪತ್ತು ನಿಮಿಷಕ್ಕೊಂದ್ಸಲ ನಿಲ್ಸಿ ಅಂದವ್ರೆ ಸಾರ್ ಡಾಕ್ಟ್ರಮ್ಮ. ಈ ಲೆಕ್ಕದಲ್ಲಿ ನನ್ ಮೊಮ್ಮಗಂದು ಮುಗಿಯಾಕೇ ಇನ್ನೊಂದು ತಿಂಗ್ಳು ಬೇಕು."