ಸಾಲಿನಲ್ಲಿ ಮೂವತ್ತೊಂದನೆಯವರು

ತೊಂಬತ್ತೆಂಟನೆಯ ಇಸವಿ. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಬೆಳಗಿನ ಏಳು ಗಂಟೆಗೇ ಬಿಸಿಲು ಬೆನ್ನಿಗೆ ಚುಚ್ಚುತ್ತಿತ್ತು. ಹರಿಹರದ ಟಾಕೀಸಿನಲ್ಲಿ ಸ್ಲೈಡ್ ಹಾಕುವ ಮುನಾಫ್, ಟಾಕೀಸಿನ ಪ್ರೊಜೆಕ್ಟರನ್ನು ಹಳೆ ಸೀರೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ದಾವಣಗೆರೆ ಬಸ್ಸಿನಲ್ಲಿ ಕೂತ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ.

ಪಕ್ಕದಲ್ಲಿ ತಾಯಿ ಖತೀಜಾಬೀ. ಒಂದು ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. "ನಿಮ್ಮಪ್ಪ ಫೋಟೋಕ್ಕೆ ನಿಂತಿದ್ರು ಅಂತ ನನಗೆ ಒಂದ್ ಮಾತೂ ಹೇಳಿರ್ಲಿಲ್ಲ ನೋಡು," ಎಂದು ಆಕೆ ಹತ್ತನೆಯ ಸಲ ಹೇಳಿದಳು. "ಮೂವತ್ತೆಂಟು ವರ್ಷ ಆತು ಆ ಮುಖ ನೋಡಿ. ಸರಿಯಾಗಿ ಕೂಡಿಸಪ್ಪಾ. ಬುಧವಾರ ಹುಟ್ಟಿದೋನು ನೀನು, ಯಾವ ಕೆಲಸಾನೂ ಅರ್ಧಕ್ಕೇ ಬಿಡ್ತೀಯ."

ಮುನಾಫನ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಎಲ್ಲ ಹುಡುಗರಿಗೂ ಬರೆದಂತೆ ಅವನಿಗೂ ಜೂನ್ ಒಂದು ಎಂದು ಬರೆದಿದ್ದರು. ಬುಧವಾರ ಎನ್ನುವುದು ಮಾತ್ರ ತಾಯಿಯ ಲೆಕ್ಕ. ಅಪ್ಪ ಅಲ್ಲಾಬಕ್ಷ್ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಮನೆಯಲ್ಲಿ ಅಪ್ಪನದೊಂದು ಪಟವೂ ಇರಲಿಲ್ಲ.

ದಾವಣಗೆರೆಯ ಆ ಬಟ್ಟೆ ಗಿರಣಿ ಮುಚ್ಚಿ ಮೂರು ವರ್ಷ. ಈಗ ಕಾಲೊನಿಯ ಮನೆಗಳನ್ನೂ ಬಿಡಬೇಕೆಂದು ನೋಟೀಸು ಬಂದಿತ್ತು. ಚದುರಿ ಹೋಗುವ ಮುಂಚೆ ಒಂದು ಸಲ ಕೂಡೋಣವೆಂದು ಹಳೆ ಕೆಲಸಗಾರರು ನಿಶ್ಚಯಿಸಿದ್ದರು. ಗಿರಣಿ ಅಂಗಳದಲ್ಲಿ ನಲವತ್ತು ವರ್ಷದ ಹಿಂದೆ ತೊಂಬತ್ತು ಮಂದಿಯನ್ನು ಒಂದೇ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ದರು. ಸಾಲು ಕ್ಯಾಮೆರಾಕ್ಕೆ ಹಿಡಿಸದೆ, ಸ್ಟುಡಿಯೋದವನು ಮೂರು ತುಂಡಾಗಿ ತೆಗೆದಿದ್ದ. ಮೂರು ತುಂಡಿಗೂ ಮೂರು ಮರದ ಕಟ್ಟು ಹಾಕಿ ಆಫೀಸಿನಲ್ಲಿ ತೂಗುಹಾಕಿದ್ದರು.

"ಒಂದೇ ಸಾಲಾಗಿ ನಿಂತೋರು ನಾವು. ಒಂದ್ ಸಲನಾದ್ರೂ ಒಂದೇ ಸಾಲಾಗಿ ಕಾಣ್ಬೇಕು," ಎಂದಿದ್ದ ಹಳೆ ಮೇಸ್ತ್ರಿ ಬಕ್ಕೇಶಪ್ಪ.

ಸ್ಲೈಡ್ ಮಾಡಿಸಲು ಕಟ್ಟು ಬಿಚ್ಚಿದಾಗ, ಮೊದಲ ಫೋಟೋದ ಅಂಚಿನಲ್ಲಿ ಮರದ ಪಟ್ಟಿಯ ಕೆಳಗೆ ಅಡಗಿದ್ದ ಅರ್ಧ ಮುಖವೊಂದು ಹೊರಬಿತ್ತು. ಫೋಟೋದ ಬೆನ್ನಿಗೆ ಶಾಯಿಯಲ್ಲಿ ಬರೆದಿತ್ತು: ಮೂವತ್ತೊಂದು, ಅಲ್ಲಾಬಕ್ಷ್. ಉಳಿದರ್ಧ ಎರಡನೆಯ ಫೋಟೋದ ಅಂಚಿನಲ್ಲಿತ್ತು. ಮೂಗು ಮಾತ್ರ ಎರಡರಲ್ಲೂ ಇತ್ತು. ಎರಡು ತುಂಡನ್ನೂ ಗೋಡೆಯ ಮೇಲೆ ಕೂಡಿಸಿದರೆ ಅಪ್ಪನ ಮುಖ ಇಡಿಯಾಗಿ ಕಾಣುತ್ತದೆ. ಮುನಾಫ್ ಬಸ್ಸು ಹತ್ತಿದ್ದು ಅದಕ್ಕೆ.

ಕಾಲೊನಿಯ ಸಭಾಭವನದಲ್ಲಿ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ಹಗಲನ್ನು ಕತ್ತಲು ಮಾಡಿದ್ದರು. ಒಳಗೆ ಇಡ್ಲಿ ಬೇಯುವಂಥ ಸೆಕೆ. ಕಾಲೇಜಿನಿಂದ ಒಂದು, ಆರೋಗ್ಯ ಇಲಾಖೆಯಿಂದ ಒಂದು ಪ್ರೊಜೆಕ್ಟರ್ ಎರವಲು ಬಂದಿದ್ದವು. ಟಾಕೀಸಿನದರ ಬೆಳಕು ಹಳದಿ, ಕಾಲೇಜಿನದು ಬಿಳುಪು; ಸೊಳ್ಳೆಯ ಚಿತ್ರ ತೋರಿಸಿ ಸವೆದಿದ್ದ ಮೂರನೆಯದು ಜ್ವರ ಬಂದವರ ಕಣ್ಣಿನಂತೆ ಮಂಕು. ಮೂರೂ ಒಂದೇ ಮೇಜಿನ ಮೇಲೆ, ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದವು.

ಮೊದಲ ಸಲ ದೀಪ ಹಚ್ಚಿದಾಗ ಮೂವತ್ತು ಜನ ತಲೆಕೆಳಗಾಗಿ ನಿಂತರು.

"ಲೇ ಮುನಾಫ, ನಾನು ಗಿರಣೀಲಿ ತಲೆ ಮ್ಯಾಲೆ ನಿಂತು ದುಡಿದೇನೇನೋ?" ಎಂದ ಬಕ್ಕೇಶಪ್ಪ.

ಮುನಾಫ್ ಸ್ಲೈಡ್ ತಿರುಗಿಸಿ ಹಾಕಿದ. ಕಾಲೊನಿಯ ಅನ್ನಪೂರ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. ಆಕೆಯ ಗಂಡ ಹೋಗಿ ಐದು ವರ್ಷ. "ನಮ್ಮನೆಯೋರ್ನ ಯಾಕ ಮಂಕು ದೀಪಕ್ಕೆ ಹಾಕಿದ್ಯಪ್ಪಾ? ಬದುಕಿದ್ದಾಗ್ಲೂ ಅವರ್ನ ಹಿಂಗೇ ಮೂಲೇಲಿ ಇಟ್ರು. ಅವರ್ನ ಬಿಳೀ ದೀಪಕ್ಕೆ ಕೊಡು."

"ಬಿಳೀದು ನಡುವಿನೋರಿಗೆ," ಎಂದ ಬಕ್ಕೇಶಪ್ಪ. ನಡುವೆ ನಿಂತಿದ್ದವನು ಅವನೇ.

ಈ ಜಗಳ ಮುಗಿಯುವಾಗ ಹನ್ನೊಂದಾಯಿತು. ಆಮೇಲೆ ಮೂಗಿನ ಕಾಟ ಶುರುವಾಯಿತು. ಒಂದನೆಯ ಚಿತ್ರವನ್ನೂ ಎರಡನೆಯದನ್ನೂ ಒಂದರ ಅಂಚಿನ ಮೇಲೊಂದು ತಂದರೆ ಉಳಿದವರ ಭುಜ, ಹಿಂದಿನ ಗೋಡೆ, ನೆಲದ ಗೆರೆ ಎಲ್ಲ ಕೂಡುತ್ತಿದ್ದವು. ಅಪ್ಪನ ಮೂಗು ಕೂಡುತ್ತಿರಲಿಲ್ಲ. ಮೂಗು ಕೂಡಿಸಿದರೆ ಒಂದು ಕಣ್ಣು ಹಣೆಗೆ ಹತ್ತುತ್ತಿತ್ತು. ಕಣ್ಣು ಕೂಡಿಸಿದರೆ ಮೂಗು ಎರಡಾಗಿ, ಒಂದಕ್ಕೊಂದು ಮುನಿಸಿಕೊಂಡಂತೆ ಕಾಣುತ್ತಿತ್ತು. ಮುನಾಫ್ ಪ್ರೊಜೆಕ್ಟರಿನ ಕಾಲಿಗೆ ಬೀಡಿಕಟ್ಟಿನ ಕಾಗದ ಮಡಿಸಿ ಇಟ್ಟ. ಒಂದು ಮಡಿಕೆ ತೆಗೆದ. ಅರ್ಧ ಮಡಿಕೆ ಇಟ್ಟ. ಎರಡನೆಯ ತುಂಡಿನಲ್ಲಿದ್ದ ಹುಬ್ಬಿನ ಮೇಲೊಂದು ಗೀರಿತ್ತು. ಧೂಳಿರಬೇಕೆಂದು ನಾಲ್ಕು ಸಲ ಗಾಜು ಒರೆಸಿದ. ಹೋಗಲಿಲ್ಲ.

ನಿಂಗಪ್ಪ ಬೆಳಗಿನಿಂದ ಅವನ ಬೆನ್ನ ಹಿಂದೆಯೇ ಸುತ್ತುತ್ತಿದ್ದ. ಅಂಥ ಸೆಕೆಯಲ್ಲೂ ಟವೆಲನ್ನು ಹುಬ್ಬಿನವರೆಗೆ ಸುತ್ತಿಕೊಂಡಿದ್ದ. ಇವನು ಗಿರಣಿಯಲ್ಲಿ ಹದಿನೆಂಟು ವರ್ಷ ಬದಲಿಯಾಗಿ ದುಡಿದವನು. ಎಂದರೆ ಕಾಯಂ ಕೆಲಸದವನು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು. ಜಾಗ ಖಾಲಿ ಕಂಡರೆ ಹೋಗಿ ನಿಲ್ಲುವುದು ಅವನ ಕಾಲಿಗೇ ರೂಢಿಯಾಗಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಕೈ ತೊಳೆಯಲು ಎದ್ದರೂ ಅಷ್ಟೆ.

"ಮುನಾಫಣ್ಣ, ಆ ಮೂಗಿನ ಸಾವಾಸ ಬ್ಯಾಡ," ಎಂದ ನಿಂಗಪ್ಪ. "ಅಲ್ಲೊಂದು ಹೂವಿನ ಹಾರ ಇಳಿಬಿಡಾಣ. ಶೋಭೆ ಆಗ್ತೈತೆ."

"ನಮ್ಮಪ್ಪನ ಮುಖದ ಮ್ಯಾಲೇನು?"

"ಹಾರ ಹಾಕ್ತಾರಪ್ಪ ಹೋದೋರಿಗೆ..."

ಅನ್ನಪೂರ್ಣಮ್ಮ ಊಟಕ್ಕೆ ಕರೆದಳು. ಮುನಾಫ್ ಏಳಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮೂಗು ಹೆಚ್ಚುಕಡಿಮೆ ಕೂಡಿತ್ತು. ಆಗ ನಿಂಗಪ್ಪ ಮೇಜಿನ ಕಾಲು ಎಡವಿದ. ಮೂವತ್ತು ಜನ ಚಾವಣಿಗೆ ಹಾರಿದರು.

"ನಿಂಗ! ನೀನೇನು ಕೋಣನೇನೋ?" ಎಂದು ಬಕ್ಕೇಶಪ್ಪ ಕೂಗಿದ. ಮುನಾಫ್ ಮತ್ತೆ ಕಾಗದ ಮಡಿಸತೊಡಗಿದ.

ಕೂಡಿದ ಮೇಲೂ ಇನ್ನೊಂದು ತೊಡಕು. ಎರಡು ಬೆಳಕು ಒಂದರ ಮೇಲೊಂದು ಬಿದ್ದ ಕಡೆ, ಕರಿ ಕಂಬಳಿಗೆ ಬಿಳಿ ತೇಪೆ ಹಾಕಿದಂತೆ ಉದ್ದನೆಯ ಪಟ್ಟೆ. ಅದಕ್ಕೆ ದಾರಿ ತೋರಿಸಿದವಳು ಅನ್ನಪೂರ್ಣಮ್ಮ. "ಕೂಸಿಗೆ ಕಾಡಿಗೆ ಮಾಡ್ತೀವಲ್ಲ, ಹಂಗೆ ಮಾಡು." ಹರಳೆಣ್ಣೆಯ ದೀಪ ತಂದಳು. ಮುನಾಫ್ ಎರಡು ಗಾಜಿನ ತುಂಡನ್ನು ದೀಪಕ್ಕೆ ಹಿಡಿದು ಅಂಚಿಗೆ ಮಸಿ ಕೂರಿಸಿದ. ಅಂಚಿನಲ್ಲಿ ದಪ್ಪ, ಒಳಗೆ ಬಂದಂತೆ ತೆಳು. ಕಿರುಬೆರಳಿನಿಂದ ಸವರಿ ಸವರಿ ಹದ ಮಾಡಿ, ಲೆನ್ಸುಗಳ ಮುಂದೆ ನಿಲ್ಲಿಸಿದ. ಒಂದು ಚಿತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಪಟ್ಟೆ ಕರಗಿತು. ಮೂಗಿನ ಜಗಳವೂ ಆ ಮಬ್ಬಿನಲ್ಲಿ ಮುಚ್ಚಿಹೋಯಿತು.

ಮುನಾಫ್ ನಿಂತು ನೋಡಿದ. ಅಪ್ಪ! ಟೋಪಿ ಹಾಕಿದ್ದ, ತನಗಿಂತ ಹದಿನೈದು ವರ್ಷ ಚಿಕ್ಕವನಾದ ಅಪ್ಪ. ಕನ್ನಡಿ ಇಲ್ಲದಿದ್ದರೂ ಅವನು ತನ್ನ ಮೂಗು ಮುಟ್ಟಿ ನೋಡಿಕೊಂಡ. ಬೆರಳಿನ ಮಸಿ ಮೂಗಿಗೆ ಹತ್ತಿತು.

ಸಂಜೆ ಏಳು ಗಂಟೆಗೆ ಸಭಾಭವನ ತುಂಬಿತು. ಖತೀಜಾಬೀಗೆ ಮುಂದಿನ ಕುರ್ಚಿ. ಮೂರು ದೀಪ ಒಟ್ಟಿಗೆ ಹೊತ್ತಿದಾಗ, ಗೋಡೆಯ ಈ ತುದಿಯಿಂದ ಆ ತುದಿಗೆ ತೊಂಬತ್ತು ಮಂದಿ ಒಂದೇ ಸಾಲಾಗಿ ನಿಂತರು. ಅನ್ನಪೂರ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಕ್ಕೇಶಪ್ಪ ಮಾತ್ರ, ಹಾಜರಿ ಕರೆಯುವವನಂತೆ, ತುದಿಯಿಂದ ಒಂದೊಂದೇ ಹೆಸರು ಹೇಳುತ್ತ ಬಂದ. ಹೆಚ್ಚಿನ ಹೆಸರುಗಳಿಗೆ ಉತ್ತರ ಕೊಡುವವರು ಇರಲಿಲ್ಲ.

"ಮೂವತ್ತೊಂದು, ಅಲ್ಲಾಬಕ್ಷ್."

ಖತೀಜಾಬೀ ಎದ್ದು ಗೋಡೆಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು.

"ಮುನಾಫ್, ಈ ಕಣ್ಣು ನಿಮ್ಮಪ್ಪಂದು. ಆ ಕಣ್ಣು ಯಾರ್ದು?"

"ಅಮ್ಮಾ, ಆಪರೇಷನ್ ಆದ ಕಣ್ಣಲ್ಲಿ ನೋಡು."

"ಅದ್ರಲ್ಲೇ ನೋಡ್ತಿದೀನಿ. ನಾಲ್ಕೇ ವರ್ಷ ಬಾಳಿದ್ರೂ ಗಂಡನ ಮುಖ ಮರೀತೀನೇನು? ಇವ್ರು ಬ್ಯಾರೆ ಯಾರೋ."

ಕಂಬದ ಹಿಂದಿನಿಂದ ನಿಂಗಪ್ಪ ಎದ್ದು ಬಂದ. ಟವೆಲ್ ಬಿಚ್ಚಿದ. ಎಡಹುಬ್ಬಿನ ನಡುವೆ, ಮಗ್ಗದ ಲಾಳಿ ಹಾರಿ ಬಡಿದ ಹಳೆಯ ಗೀರು.

"ಅದು ನಂದು ಅಕ್ಕಾ."

"ನಿಂದಾ?" ಎಂದ ಬಕ್ಕೇಶಪ್ಪ.

"ಫೋಟೋದೋನು ಒಂದು ತಗದು, ಎರಡನೇದಕ್ಕೆ ಕ್ಯಾಮೆರಾದ ಗಾಜು ಬದಲಿಸ್ತಿದ್ದ. ಅಷ್ಟ್ರಾಗೆ ಹರಿಹರದಿಂದ ಸುದ್ದಿ ಬಂತು. ಅಲ್ಲಾಬಕ್ಷಣ್ಣ ತನ್ನ ಟೋಪಿ ತಗದು ನನ್ನ ತಲೆಗಿಟ್ಟ. 'ನಿಂಗಾ, ನನ್ನ ಜಾಗ್ದಾಗೆ ನಿಂತ್ಕ, ಮೇಸ್ತ್ರಿಗೆ ಹೇಳ್ಬ್ಯಾಡ' ಅಂದ. ಹಿಂದಿನ ಗೋಡೆ ಹಾರಿ ಓಡಿಹೋದ. ಮಾತು ಕೊಟ್ಟಿದ್ದೆ, ಹೇಳಿರ್ಲಿಲ್ಲ."

"ರಜಾಚೀಟಿ ಇಲ್ದೆ ಹೋಗಿದ್ನಾ?" ಬಕ್ಕೇಶಪ್ಪನ ದನಿ ಏರಿತು. ಗಿರಣಿಗೆ ಬೀಗ ಬಿದ್ದಿದೆ, ಅಲ್ಲಾಬಕ್ಷ್ ಮಣ್ಣಾಗಿದ್ದಾನೆ ಎಂಬುದು ನೆನಪಾಗಿ ಅವನು ಕೂತುಬಿಟ್ಟ.

"ಅಂಥ ಸುದ್ದಿ ಏನು ಬಂದಿತ್ತು?" ಎಂದು ಮುನಾಫ್ ಕೇಳಿದ.

ನಿಂಗಪ್ಪ ಖತೀಜಾಬೀಯ ಕಡೆ ನೋಡಿದ. ಖತೀಜಾಬೀ ಮಗನ ಕಡೆ ನೋಡಿದಳು. ಮೂಗಿನ ಮೇಲೆ ಮಸಿ ಬಳಿದುಕೊಂಡು ನಿಂತ ನಲವತ್ತು ವರ್ಷದ ಮಗ.

"ಬರೀ ತಲೇಲಿ ಬಂದ್ರು," ಎಂದಳು. "ಕೂದಲ ತುಂಬ ಹತ್ತಿ. ಟೋಪಿ ಎಲ್ಲಿ ಅಂದೆ. ಗಾಳಿಗೆ ಹೋತು ಅಂದ್ರು. ರಜಾ ಕೊಟ್ರಾ ಅಂದೆ. ಹೂಂ ಅಂದ್ರು. ಕೈ ಕೂಡ ತೊಳೀದೆ, ಆಗಷ್ಟೇ ಹುಟ್ಟಿದ ನಿನ್ನ ಎತ್ಕೊಂಡ್ರು."

ಮುನಾಫ್ ಗೋಡೆಯ ಕಡೆ ತಿರುಗಿದ. ಅಪ್ಪನ ಅರ್ಧ ಮುಖ ಕದ್ದವನನ್ನು ಹಿಡಿದದ್ದಾಯಿತು. ಆ ಕಳ್ಳ ಸ್ವತಃ ತಾನೇ ಆಗಿದ್ದ.

"ಆ ಕಡೇದು ಒಂದ್ ಗಳಿಗೆ ಮುಚ್ಚಪ್ಪಾ," ಎಂದಳು ತಾಯಿ.

ಮುನಾಫ್ ನಡುವಿನ ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ಗೋಡೆಯ ಮೇಲಿನ ಸಾಲು ಮುರಿಯಿತು. ಮೂವತ್ತು ಜನ ಮಾಯವಾದರು. "ಲೇ, ನಾನೆಲ್ಲೋ?" ಎಂದು ಬಕ್ಕೇಶಪ್ಪ ಕತ್ತಲಲ್ಲಿ ಕೂಗಿದ. ಮುರಿದ ಸಾಲಿನ ತುದಿಯಲ್ಲಿ ಅಲ್ಲಾಬಕ್ಷ್ ಅರ್ಧ ಉಳಿದ. ಒಂದು ಕಣ್ಣು, ಒಂದು ಕೆನ್ನೆ. ಮೂಗಿನ ಹತ್ತಿರ ಬರುತ್ತಿದ್ದಂತೆ ಮಗ ಬಳಿದ ಮಸಿಯಲ್ಲಿ ಕರಗಿ, ಆಗಲೇ ಹೊರಟು ನಿಂತವನ ಹಾಗಿದ್ದ.

ಅಂಗೈ ಸುಡುವವರೆಗೂ ಮುನಾಫ್ ಕೈ ತೆಗೆಯಲಿಲ್ಲ.

ಕಾಲೊನಿಯವರು ಆ ವಾರದಲ್ಲೇ ಒಬ್ಬೊಬ್ಬರಾಗಿ ಮನೆ ಬಿಟ್ಟರು. ಎಲ್ಲರಿಗಿಂತ ಮೊದಲು ಸಾಲು ಬಿಟ್ಟು ಹೋದವನು ಅಲ್ಲಾಬಕ್ಷ್. ಐವತ್ತೆಂಟನೆಯ ಇಸವಿಯಲ್ಲಿ, ಒಂದು ಬುಧವಾರ.