ಆಫೀಸಿಗೆ ಹೋಗದಿರಲು ಆಫೀಸಿಗೆ ಹೋದದ್ದು

ಗ್ರಹಚಾರ ಅನ್ನುವುದು ಬೇರೆಯವರಿಗೆ ಯಾವ ರೂಪದಲ್ಲಿ ಬರುತ್ತದೋ ಗೊತ್ತಿಲ್ಲ, ನನ್ನ ಹತ್ತಿರ ಮಾತ್ರ ಸದಾ ಕೇಬಲ್ಲು ಹಿಡಿದುಕೊಂಡೇ ಬರುತ್ತದೆ. ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ದಿನದಿಂದ ಇದೇ ಕಥೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮನೆ ಹೊಸಕೆರೆಹಳ್ಳಿಯಲ್ಲಿ, ಆಫೀಸು ಬಿಟಿಎಂ ಲೇಔಟಿನಲ್ಲಿ. ನಡುವೆ ಬನಶಂಕರಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅರ್ಧ ಆಯಸ್ಸು ಮುಗಿಯುತ್ತಿತ್ತು. ಹೆಂಡತಿ ಚೊಚ್ಚಲ ಬಸುರಿ. ಬಾಣಂತನಕ್ಕೆ ಅರಸೀಕೆರೆಯ ತವರಿಗೆ ಹೋಗಬೇಕೆಂದು ಅತ್ತೆಯ ಹಟ. "ನೀವು ಹಗಲು ಮನೇಲಿರ್ತೀನಿ ಅಂದ್ರೆ ನಾನು ಇಲ್ಲೇ ಇರ್ತೀನಿ. ಇಲ್ಲಾಂದ್ರೆ ದಸರಾ ಮುಗಿದ ತಕ್ಷಣ ಹೊರಟೆ" ಎಂದಳು ಹೆಂಡತಿ. ಮಗು ಹುಟ್ಟುವಾಗ ನಾನು ಪಕ್ಕದಲ್ಲಿರಬೇಕು ಅನ್ನುವುದೊಂದೇ ಆಗ ನನ್ನ ಆಸೆ.

ಆಫೀಸಿನ ಯಜಮಾನರನ್ನು ಕೇಳಿದೆ. ಆಗಷ್ಟೇ ಅವರು ವಿಪಿಎನ್ ಅನ್ನುವ ಮಾತು ಕಲಿತಿದ್ದರು. ಮನೆಯಲ್ಲಿ ಕೂತು ಆಫೀಸಿನ ಸರ್ವರಿಗೆ ಬೀಗ ಹಾಕಿದ ಸುರಂಗದಲ್ಲಿ ಹೋಗಿಬರುವ ಏರ್ಪಾಡು ಅದು. "ದಸರಾದೊಳಗೆ ಅದನ್ನ ನಡೆಸಿ ತೋರ್ಸಿ. ಆಮೇಲೆ ಮನೆಯಿಂದ್ಲೇ ಕೆಲ್ಸ ಮಾಡಿ. ಆದ್ರೆ ಲಿನಕ್ಸ್‌ನಲ್ಲೇ ಆಗ್ಬೇಕು, ಅದು ಪುಕ್ಕಟೆ" ಎಂದರು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಈ ಲಿನಕ್ಸ್ ಪುಕ್ಕಟೆ ನಿಜ. ಕೆಟ್ಟರೆ ಬೈಯಲು ಯಾರೂ ಸಿಗುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ಮೊದಲು ಬಂದವರು

ಮನೆಯಲ್ಲಿ ಇಂಟರ್‌ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಇಂಟರ್‌ನೆಟ್ ಇದ್ದಾಗ ಫೋನಿಲ್ಲ, ಫೋನಿದ್ದಾಗ ಇಂಟರ್‌ನೆಟ್ಟಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೂತವನು ಸುರಂಗದ ಬಾಗಿಲು ತಟ್ಟುತ್ತಲೇ ಇದ್ದೆ. ಅದು ಅರ್ಧ ತೆರೆಯುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಊಟಕ್ಕೂ ಏಳಲಿಲ್ಲ.

ಅತ್ತ ಅರಸೀಕೆರೆಯಲ್ಲಿ ಅತ್ತೆ ಮಗಳಿಗೆ ಫೋನ್ ಮಾಡುತ್ತಲೇ ಇದ್ದರಂತೆ. ಯಾವಾಗ ಮಾಡಿದರೂ ಎಂಗೇಜ್. ಹೆರಿಗೆ ನೋವೇ ಶುರುವಾಗಿದೆ, ಅಳಿಯ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡುತ್ತಿದ್ದಾನೆ ಅಂತ ಅವರೇ ತೀರ್ಮಾನಿಸಿದರು. ಸಂಜೆ ನಾನು ಕೈಚೆಲ್ಲಿ ಎದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅತ್ತೆ. ಕೈಯಲ್ಲಿ ಹಳೇ ಸೀರೆಗಳ ಗಂಟು, ಲೇಹ್ಯದ ಡಬ್ಬಿ. ಎದುರಿಗೆ ಮಗಳು ಸೋಫಾದಲ್ಲಿ ಕೂತು ಕಡಲೇಕಾಯಿ ತಿನ್ನುತ್ತಿದ್ದಳು.

ಇಡೀ ದಿನ ಹೊಡೆದಾಡಿದರೂ ಆಫೀಸು ನನ್ನ ಮನೆಗೆ ಬರಲಿಲ್ಲ. ಅತ್ತೆ ಮಾತ್ರ ಒಂದೇ ರೈಲಿಗೆ ಬಂದು ತಲುಪಿದರು.

ಬೀಗ ಭದ್ರ

ಅದುವರೆಗೆ ಸರ್ವರಿಗೆ ದೂರದಿಂದ ಹೋಗಲು ಒಂದು ಚಿಕ್ಕ ಹಿಂಬಾಗಿಲು ಇಟ್ಟುಕೊಂಡಿದ್ದೆ. ಸುರಂಗ ಬರುವಾಗ ಹಿಂಬಾಗಿಲು ಯಾಕೆ, ಯಾರಾದರೂ ನುಗ್ಗಿದರೆ ಅಂತ ಮನೆಯಿಂದಲೇ ಅದಕ್ಕೆ ಬೀಗ ಜಡಿದೆ. ತಕ್ಷಣ ಪರದೆ ಕಲ್ಲಿನ ಹಾಗೆ ನಿಂತಿತು. ಒಳಗೆ ಹೋಗಲು ಇದ್ದ ಒಂದೇ ದಾರಿಯನ್ನು ಹೊರಗೆ ನಿಂತು ನಾನೇ ಮುಚ್ಚಿದ್ದೆ. ಅಳು ಬಂತು, ನಿಜವಾಗಿ.

ಅಂದು ಸರ್ಕಾರಿ ರಜೆ. ಎರಡು ಬಸ್ಸು ಹಿಡಿದು ಹೋದೆ. ವಾಚ್‌ಮನ್ ಗೇಟು ತೆರೆಯುತ್ತ ಕೇಳಿದ: "ಏನ್ ಸಾರ್, ರಜಾ ದಿನಾನೂ?"

"ಮನೆಯಿಂದ ಕೆಲ್ಸ ಮಾಡೋಕೆ ಏರ್ಪಾಡು ಮಾಡ್ತಿದ್ದೀನಪ್ಪ."

ಅವನು ನನ್ನನ್ನು ಮರುಕದಿಂದ ನೋಡಿದ. "ಅದು ಶುರುವಾದಾಗ್ಲಿಂದ ನೀವು ಮನೇಲೇ ಇರಲ್ಲ ಬಿಡಿ ಸಾರ್."

ತಜ್ಞರ ಸಭೆ

ಜಯನಗರದ ಒಂದು ದರ್ಶಿನಿಯಲ್ಲಿ ಲಿನಕ್ಸ್ ಬಲ್ಲವರು ಸೇರುತ್ತಾರೆಂದು ಕೇಳಿ ಅಲ್ಲಿಗೂ ಹೋದೆ. ಲಿನಕ್ಸಿನಲ್ಲಿ ಹಲವು ಪಂಗಡಗಳಿವೆ, ಒಂದೊಂದಕ್ಕೂ ಒಂದೊಂದು ಬಗೆಯ ಲಿನಕ್ಸ್. ನಾನು ಕಷ್ಟ ಹೇಳಿಕೊಂಡೆ. "ನೀವು ಯಾವುದು ಹಾಕಿದ್ದೀರ?" ಎಂದು ಒಬ್ಬರು ಕೇಳಿದರು. ಹೇಳಿದೆ. "ಅಯ್ಯೋ, ಅದನ್ನ ಮೊದ್ಲು ತೆಗೀರಿ!" ಎಂದರು. ಪಕ್ಕದವರು, "ಅದನ್ನ ತೆಗೆದು ಇವ್ರು ಹೇಳೋದನ್ನ ಮಾತ್ರ ಹಾಕ್ಬೇಡಿ" ಎಂದರು. ಅಷ್ಟೇ, ಹತ್ತಿಕೊಂಡಿತು. ಬೈಟು ಕಾಫಿ ತರಿಸಿ ತರಿಸಿ ಜಗಳ ಆಡಿದರು, ನನ್ನ ಸುರಂಗದ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ಹೊರಡುವಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಪಂಗಡದ ಸಿಡಿ ನನ್ನ ಕೈಗೆ ಇಟ್ಟರು.

ಮನೆಗೆ ಬಂದು ಸಿಡಿಗಳನ್ನು ಮೇಜಿನ ಮೇಲೆ ಇಟ್ಟೆ. ಹೆಂಡತಿ ನೋಡಿ ಕೇಳಿದಳು: "ದೇವರ ದರ್ಶನ ಆಗ್ಲಿಲ್ಲ, ಪ್ರಸಾದ ಮಾತ್ರ ಕೊಟ್ಟು ಕಳ್ಸಿದ್ರಾ?"

ಏಕಾದಶಿ

ಸುರಂಗದೊಳಗೆ ಬಿಡಲು ಸರ್ವರು ಒಂದು ಸರ್ಟಿಫಿಕೇಟ್ ಕೇಳುತ್ತದೆ, ಗೇಟ್ ಪಾಸಿನ ಹಾಗೆ. ಅದನ್ನು ಆಫೀಸಿನಲ್ಲೇ ತಯಾರಿಸಿ ತರಬೇಕು. ತಂದರೆ ಮನೆಯ ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಹಾಳಾಗಿರಬೇಕು ಅಂತ ಮರುದಿನ ಹೊಸದು ಮಾಡಿ ತರುತ್ತಿದ್ದೆ. ಅದಕ್ಕೂ ಅದೇ ಗತಿ. ಎಷ್ಟು ತಾಜಾ ತಂದರೂ ತಿರಸ್ಕಾರವೇ.

ಅಷ್ಟರಲ್ಲಿ ಪಕ್ಷಮಾಸದ ಏಕಾದಶಿ ಬಂತು. ಅತ್ತೆ ನೀರೂ ಮುಟ್ಟದೆ ಉಪವಾಸ ಕೂತರು. ಸಂಜೆ ಕೆಳಗಿನ ಮನೆಯ ಓನರ್ ಆಂಟಿ ಬಿಸಿಬೇಳೆ ಭಾತ್ ಹಿಡಿದುಕೊಂಡು ಬಂದರು. "ಇವತ್ತು ಏಕಾದಶಿ, ಮುಟ್ಟಲ್ಲಮ್ಮ" ಎಂದರು ಅತ್ತೆ.

"ಏಕಾದಶಿ ಮೊನ್ನೇನೇ ಆಯ್ತಲ್ಲಮ್ಮ!"

ಅತ್ತೆಯ ಮುಖ ಇಳಿಯಿತು. ಏಕಾದಶಿ ಯಾವ ತಾರೀಖು ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ನೋಡಿದ್ದರು. ಇವತ್ತು ಯಾವ ತಾರೀಖು ಅನ್ನುವುದನ್ನು ಮಾತ್ರ ನನ್ನ ಕಂಪ್ಯೂಟರಿನ ಮೂಲೆ ನೋಡಿ ತಿಳಿದುಕೊಂಡಿದ್ದರು. ಅದರ ಬ್ಯಾಟರಿ ಸತ್ತು, ಕರೆಂಟು ಹೋದಾಗೆಲ್ಲ ಗಡಿಯಾರ ನಿಂತು, ಅದು ಮೊನ್ನೆಯಲ್ಲೇ ಬದುಕುತ್ತಿತ್ತು. ಇವತ್ತು ಮಾಡಿ ತಂದ ಸರ್ಟಿಫಿಕೇಟು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇರಲಿಲ್ಲ!

ತಾರೀಖು ಸರಿಮಾಡಿದೆ. ಸುರಂಗ ತೆರೆಯಿತು. ಕುಣಿದುಬಿಟ್ಟೆ. ಅತ್ತೆ ಭಾತಿನ ತಟ್ಟೆ ಹತ್ತಿರ ಎಳೆದುಕೊಳ್ಳುತ್ತ ಅಂದರು: "ಉಪವಾಸ ಮಾಡಿದ್ದು ನಾನು, ವರ ಕೊಟ್ಟದ್ದು ನಿಮಗೆ."

ಆಯುಧಪೂಜೆ

ಯಜಮಾನರು ಪರೀಕ್ಷೆಗೆ ಆಯುಧಪೂಜೆಯ ದಿನ ಗೊತ್ತುಮಾಡಿದರು. ಆಫೀಸಿನಲ್ಲಿ ಪೂಜೆ ಮುಗಿಸಿ, ಜಯನಗರದ ತಮ್ಮ ಮನೆಗೆ ಹೋಗಿ, ನಾನು ಸಿದ್ಧಮಾಡಿಕೊಟ್ಟ ಲ್ಯಾಪ್‌ಟಾಪಿನಿಂದ ನೋಡುತ್ತೇನೆ ಎಂದರು. ನಾನು ಮನೆಯಲ್ಲಿ ಫೋನಿನ ಪಕ್ಕ ಕೂತೆ. ಹೆಂಡತಿಯೂ ಕೂತಳು. ಯಜಮಾನರ ಫೋನು ಬಂತು.

"ಏನ್ರೀ ಇದು? ಬರ್ತಾನೇ ಇಲ್ಲ!"

ಫೋನಿಟ್ಟು, ಅದೇ ತಂತಿಯಲ್ಲಿ ನಾನೂ ನೋಡಿದೆ, ನನಗೂ ಬರಲಿಲ್ಲ. ಆಟೋ ಹಿಡಿದು, ಬಾಳೆಕಂದು ಕಟ್ಟಿದ ಬಸ್ಸುಗಳ ನಡುವೆ, ಒಡೆದ ಬೂದುಗುಂಬಳಗಳ ಮೇಲೆ ಆಫೀಸಿಗೆ ಓಡಿದೆ.

ಸರ್ವರಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಪ್ಲಗ್ಗು ಕಿತ್ತು, ವೈರನ್ನು ಸುತ್ತಿ ನೆತ್ತಿಯ ಮೇಲೆ ಇಟ್ಟು ಅದಕ್ಕೂ ಒಂದು ಬೊಟ್ಟು ಇಟ್ಟಿದ್ದರು. "ಯಜಮಾನ್ರೇ ಆಫ್ ಮಾಡ್ಸಿದ್ರು ಸಾರ್. ಆಯುಧಕ್ಕೆ ಇವತ್ತು ಕೆಲ್ಸ ಕೊಡಬಾರ್ದಂತೆ" ಎಂದ ವಾಚ್‌ಮನ್.

ಫೋನ್ ಮಾಡಿದೆ. "ಸಾರ್, ಸರ್ವರ್ ಆಫ್ ಆಗಿದೆ."

"ಹೌದ್ರೀ, ಪೂಜೆ ಆಯ್ತಲ್ಲ. ಅದಕ್ಕೂ ವಿಪಿಎನ್‌ಗೂ ಏನು ಸಂಬಂಧ? ನಾನು ಮನೇಲಲ್ವಾ ಇರೋದು?"

ವಿಜಯದಶಮಿಯ ಬೆಳಿಗ್ಗೆ ಪ್ಲಗ್ಗು ಹಾಕಿದ ಮೇಲೆ ಎಲ್ಲವೂ ಸುಸೂತ್ರ ನಡೆಯಿತು. ಯಜಮಾನರು ಹಿಗ್ಗಿ, ಎಲ್ಲರೂ ಇನ್ನು ಮನೆಯಿಂದಲೇ ಕೆಲಸ ಮಾಡಬಹುದು ಎಂದು ಸಾರಿದರು. ನನ್ನ ಹೆಗಲ ಮೇಲೆ ಕೈ ಹಾಕಿ ಅಂದರು: "ಸರ್ವರ್ ಹತ್ರ ಒಬ್ಬ ತಿಳಿದೋರು ಇರ್ಲೇಬೇಕು ಅಂತ ನಿನ್ನೆ ಪಾಠ ಆಯ್ತು. ನಿಮ್ಮನ್ನ ಬಿಟ್ರೆ ಯಾರಿದ್ದಾರೆ?"

ಹೆಂಡತಿ ತಾಯಿಯ ಜೊತೆ ಅರಸೀಕೆರೆ ರೈಲು ಹತ್ತಿದಳು. ನಾನು ಬಿಟಿಎಮ್ಮಿನ ಖಾಲಿ ಆಫೀಸಿನಲ್ಲಿ ಸರ್ವರು ಕಾಯುತ್ತ ಕೂತೆ. ಮಗಳು ಹುಟ್ಟಿದ ಸುದ್ದಿಯೂ ಅಲ್ಲಿಗೇ ಬಂತು. ರಜೆ ಕೇಳೋಣವೆಂದು ಯಜಮಾನರಿಗೆ ಫೋನ್ ಮಾಡಲು ಕೈ ಚಾಚುವಷ್ಟರಲ್ಲಿ ಅದೇ ಫೋನು ಮತ್ತೆ ಹೊಡೆದುಕೊಂಡಿತು. ತಿಲಕ್ ನಗರದ ಮನೆಯಿಂದ ಸಹೋದ್ಯೋಗಿ.

"ಗುರು, ನಿನ್ನ ವಿಪಿಎನ್ ಸಖತ್ತಾಗಿದೆ ಕಣೋ. ಮಗೂನ ತೊಡೆ ಮೇಲೆ ಮಲಗಿಸ್ಕೊಂಡೇ ಕೆಲ್ಸ ಮಾಡ್ತಿದ್ದೀನಿ. ನೀನೂ ಒಂದು ಹಾಕ್ಕೋಬಾರ್ದಾ?"