ಮಗು ಯಾವ ದೇಶದ್ದು?

ಪಾಸ್‌ಪೋರ್ಟ್ ಮಾಡಿಸಿಕೊಡುವವನ ಹತ್ತಿರ ಜನ ಪಾಸ್‌ಪೋರ್ಟಿನ ವಿಷಯ ಮಾತ್ರ ಕೇಳ್ತಾರೆ ಅಂದುಕೊಂಡರೆ ತಪ್ಪು. ಎಪ್ಪತ್ತು-ಎಂಬತ್ತರ ದಶಕದಲ್ಲಿ, ಹಂಪನಕಟ್ಟೆಯ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ, ನನ್ನ ಅರ್ಧ ಆಯುಷ್ಯ ಮಕ್ಕಳ ದೇಶ ಹೇಳುವುದರಲ್ಲೇ ಹೋಯಿತು.

ದುಬೈಯ ಮೊಮ್ಮಗ

ಕುದ್ರೋಳಿಯಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಬ್ಯಾರಿಯೊಬ್ಬರು ಖರ್ಜೂರದ ಪೊಟ್ಟಣ ಹಿಡಿದು ಬಂದರು. ದುಬೈಯಲ್ಲಿದ್ದ ಮಗನಿಗೆ ಗಂಡು ಮಗು.

"ಮೊಮ್ಮಗ ಈಗ ದುಬೈಯವ. ಇನ್ನು ನನಗೆ ವೀಸಾ ಸುಲಭ ಅಲ್ವಾ?"

"ಇಲ್ಲ ಸಾಹುಕಾರ್ರೆ. ಅಲ್ಲಿ ಹುಟ್ಟಿದ್ರೆ ಅಲ್ಲಿಯವ ಆಗೋದಿಲ್ಲ. ಅಪ್ಪ ಭಾರತದವ, ಮಗುವೂ ಭಾರತದ್ದು."

"ಎಂತ ಮಾರಾಯ್ರೆ! ಹಾಗಾದ್ರೆ ಇಲ್ಲೇ ಹೆರಬಹುದಿತ್ತಲ್ಲ. ಬಾಣಂತಿ ಮದ್ದಿನ ಸಾಮಾನಾದ್ರೂ ನನ್ನ ಅಂಗಡಿಯಿಂದ ಹೋಗ್ತಿತ್ತು."

ಖರ್ಜೂರವನ್ನೂ ವಾಪಸು ತಕ್ಕೊಂಡು ಹೋದರು.

ಅಪ್ಪ ಎಂತಕ್ಕೆ?

ಶಕ್ತಿನಗರದ ಬಂಟರ ಮನೆಯ ಅಮ್ಮನವರು ಬಂದದ್ದು ಕಣ್ಣಲ್ಲಿ ನೀರು ತುಂಬಿಕೊಂಡು. ಒಬ್ಬಳೇ ಮಗಳು ಲಂಡನ್ನಿನಲ್ಲಿ ಬಸುರಿ. ಅಳಿಯ ಅಲ್ಲಿಯವನೇ, ಇಂಗ್ಲಿಷಿನವ.

"ಮಗು ನಮ್ಮ ದೇಶದ್ದೇ ಆಗ್ಬೇಕು."

"ಹೊರಗೆ ಹುಟ್ಟಿದ್ರೆ ಅಪ್ಪ ಭಾರತದವ ಆಗಿರ್ಬೇಕಮ್ಮ."

"ನಮ್ಮದು ಅಳಿಯಸಂತಾನ. ಕುಟುಂಬ ಬರುವುದೇ ತಾಯಿಯಿಂದ. ಅಪ್ಪನನ್ನು ಎಂತಕ್ಕೆ ಕೇಳುವುದು?"

"ಅದು ದೆಹಲಿಯವರಿಗೆ ಗೊತ್ತಿಲ್ಲ. ಇಲ್ಲಿಯೇ ಹೆತ್ರೆ ಮಾತ್ರ ಅಪ್ಪ ಯಾರು ಅಂತ ಯಾರೂ ಕೇಳೋದಿಲ್ಲ."

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. "ನನ್ನ ಮಗಳಿಗೆ ಮದುವೆ ಆಗಿದೆ."

ಬೊಂಬಾಯಿಯ ಹೆರಿಗೆ

ಹೆರಿಗೆಗೆಂದು ಲಂಡನ್ನಿನಿಂದ ಹೊರಟ ಮಗಳನ್ನು ಕರೆತರಲು ಆ ಅಮ್ಮನವರು ಬೊಂಬಾಯಿಗೆ ಹೋದರು. ಮಗಳು ವಿಮಾನ ಇಳಿದದ್ದೇ ನೋವು ಶುರು. ನನಗೆ ಟ್ರಂಕ್ ಕಾಲ್.

"ಊರಿಗೆ ಬರುವ ಬಜಪೆ ವಿಮಾನ ಹತ್ತಲಿಕ್ಕೆ ಬಿಡ್ತಾ ಇಲ್ಲ. ಇಷ್ಟು ದೂರ ಬಂದೂ ಮಗು ನಮ್ಮ ದೇಶಕ್ಕೆ ಕೈತಪ್ಪಿತಲ್ಲ."

"ಬೊಂಬಾಯಿಯೂ ಭಾರತವೇ ಅಮ್ಮ."

"ಅದು ಕಾನೂನಿನಲ್ಲಿ ಉಂಟಾ?"

"ಉಂಟು," ಅಂದೆ. ಹೆಣ್ಣು ಮಗು ಹುಟ್ಟಿತು.

ಎರಡನೆಯ ಬಾಣಂತನ

ಎಂಬತ್ತೇಳರಲ್ಲಿ ಕಾನೂನು ಬದಲಾಯಿತು. ಆ ಮಗಳು ಪುನಃ ಬಸುರಿಯಾಗಿ ತಾಯಿಮನೆಗೆ ಬಂದಿದ್ದಳು. ಅಮ್ಮ ಈ ಸಲ ಅಳಿಯನನ್ನೂ ಎಳೆದುಕೊಂಡು ನನ್ನ ಎದುರು ಕೂತರು. ಇಬ್ಬರ ಮುಖದಲ್ಲೂ ಗಾಬರಿ.

"ಇನ್ನು ಇಲ್ಲಿ ಹುಟ್ಟಿದ್ರೂ ಸಾಲದಂತೆ, ಹೌದಾ?"

"ಹೌದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಭಾರತದವರಾಗಿರ್ಬೇಕು."

"ತಾಯಿ ಆದ್ರೂ ಆಗ್ತದಾ?"

"ಧಾರಾಳ ಆಗ್ತದೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಗೆ ಒರಗಿದರು. "ಅಂತೂ ದೆಹಲಿಯವರಿಗೂ ಅಳಿಯಸಂತಾನ ಅರ್ಥ ಆಯ್ತು."

ಮತ್ತೆ ಅಳಿಯನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು: "ನೀವು ಆರಾಮದಲ್ಲಿ ಇಂಗ್ಲೆಂಡಿನವರಾಗಿಯೇ ಇರಿ. ನಿಮ್ಮಿಂದ ಇನ್ನು ಎಂತದೂ ಆಗ್ಬೇಕಾಗಿಲ್ಲ."